ಬ್ರೂಜ್‌ಗೆ ಹೋದರೆ ರಾತ್ರಿ ಉಳಿಯಿರಿ

ಬೆಲ್ಜಿಯಂನ ಬ್ರೂಜ್ ಊರನ್ನು ನೋಡಿ ಬಂದೆವು ಎನ್ನುವವರಲ್ಲಿ ಹೆಚ್ಚಿನವರು ಅಲ್ಲಿ ಒಂದು ರಾತ್ರಿಯೂ ತಂಗಿರುವುದಿಲ್ಲ. ಬ್ರಸೆಲ್ಸ್‌ನಿಂದ ರೈಲಿನಲ್ಲೋ, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗಳಿಂದ ಬಸ್ಸಿನಲ್ಲೋ, ಪಕ್ಕದ ಜೀಬ್ರುಗ್ಗೆ ಬಂದರಿಗೆ ಬಂದ ವಿಹಾರನೌಕೆಯಿಂದ ಇಳಿದೋ ಬೆಳಿಗ್ಗೆ ಹತ್ತರ ಹೊತ್ತಿಗೆ ಊರು ಸೇರುತ್ತಾರೆ. ಗಂಟೆಗೋಪುರದ ಮುಂದೆ ಫೋಟೊ, ಕಾಲುವೆಯಲ್ಲಿ ದೋಣಿಯ ಒಂದು ಸುತ್ತು, ಕೈಯಲ್ಲೊಂದು ವಾಫಲ್, ಚೀಲದಲ್ಲೊಂದು ಚಾಕೊಲೇಟ್ ಡಬ್ಬಿ. ಐದು ಗಂಟೆಗೆ ವಾಪಸ್. ನಮ್ಮ ಯುರೋಪ್ ಪ್ಯಾಕೇಜ್ ಟೂರ್‌ಗಳು ಬ್ರೂಜ್‌ಗೆ ಜಾಗ ಕೊಟ್ಟರೂ ಅರ್ಧ ದಿನಕ್ಕಿಂತ ಹೆಚ್ಚು ಕೊಡುವುದು ಅಪರೂಪ. ಆ ಅರ್ಧ ದಿನ, ಇಡೀ ದಿನದಲ್ಲೇ ಊರು ಅತ್ಯಂತ ಗಿಜಿಗುಡುವ ಅರ್ಧ.

ಸಂಜೆ ಆರರ ಮೇಲೆ ಅದೇ ಬೀದಿಗಳಲ್ಲಿ ನಡೆದು ನೋಡಬೇಕು. ಬಸ್ಸುಗಳು ಹೊರಟಿರುತ್ತವೆ, ದೋಣಿಗಳನ್ನು ಕಟ್ಟಿಹಾಕಿರುತ್ತಾರೆ, ಕಲ್ಲು ಹಾಸಿದ ಓಣಿಗಳಲ್ಲಿ ಸೈಕಲ್ ಹೊಡೆಯುವ ಸ್ಥಳೀಯರು ಮಾತ್ರ. ಹಗಲಿನ ನೂಕುನುಗ್ಗಲು ನಗರಾಡಳಿತಕ್ಕೂ ಸಾಕಾಗಿ, ದಿನದ ಮಟ್ಟಿಗೆ ಬಂದುಹೋಗುವವರನ್ನು ಕರೆಯುವ ಜಾಹೀರಾತು ನಿಲ್ಲಿಸುವುದಾಗಿಯೂ ಒಮ್ಮೆಗೆ ಎರಡಕ್ಕಿಂತ ಹೆಚ್ಚು ವಿಹಾರನೌಕೆಗಳಿಗೆ ಅವಕಾಶ ಕೊಡುವುದಿಲ್ಲವೆಂದೂ 2019ರಲ್ಲಿ ಹೇಳಿತು. ರಾತ್ರಿ ತಂಗುವವರನ್ನು ಮಾತ್ರ ಊರು ಈಗಲೂ ಖುಷಿಯಿಂದ ಬರಮಾಡಿಕೊಳ್ಳುತ್ತದೆ. ಇಬ್ಬರು ಸ್ನೇಹಿತರು ಕೂಡಿ ಹೋಗುವುದಾದರೆ ಎರಡು ರಾತ್ರಿ ಎಂಬುದು ನನ್ನ ಲೆಕ್ಕ. ಒಂದು ರಾತ್ರಿಯಾದರೆ ಓಡಾಟವೇ ಆಗುತ್ತದೆ. ನಾಲ್ಕಾದರೆ ಈ ಪುಟ್ಟ ಊರಿನಲ್ಲಿ ಕೈಕಾಲು ಕಟ್ಟಿಹಾಕಿದಂತಾಗುತ್ತದೆ.

ಊರು ಹೀಗೇಕೆ ಉಳಿಯಿತು

1134ರ ಒಂದು ಬಿರುಗಾಳಿ ಕಡಲ ನೀರನ್ನು ಒಳನಾಡಿಗೆ ನುಗ್ಗಿಸಿ ಜ್ವಿನ್ ಎಂಬ ಕಾಲುಹೊಳೆ ತೆರೆಯಿತು. ಅದರಿಂದಾಗಿ ಬ್ರೂಜ್‌ಗೆ ಸಮುದ್ರದ ದಾರಿ ಸಿಕ್ಕಿತು. ಇಂಗ್ಲೆಂಡಿನ ಉಣ್ಣೆ, ಫ್ಲಾಂಡರ್ಸ್‌ನ ಬಟ್ಟೆ, ಜಿನೋವಾ, ವೆನಿಸ್‌ಗಳ ಮೂಲಕ ಬರುತ್ತಿದ್ದ ಮೆಣಸು, ಸಾಂಬಾರ ಪದಾರ್ಥ ಎಲ್ಲವೂ ಇಲ್ಲಿ ಕೈ ಬದಲಾಗುತ್ತಿದ್ದವು. ಆ ಮೆಣಸು ಮೂಲದಲ್ಲಿ ನಮ್ಮ ಪಶ್ಚಿಮ ಕರಾವಳಿಯದು. ಹದಿನೈದನೇ ಶತಮಾನದ ಕೊನೆಗೆ ಜ್ವಿನ್‌ನಲ್ಲಿ ಹೂಳು ತುಂಬಿತು. ಹಡಗು ಬರುವುದು ನಿಂತು, ವ್ಯಾಪಾರ ಆಂಟ್‌ವರ್ಪ್‌ಗೆ ಹೋಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಬ್ರೂಜ್‌ನವರ ಬಳಿ ಮುಂದಿನ ಮುನ್ನೂರು ವರ್ಷ ದುಡ್ಡೇ ಇರಲಿಲ್ಲ. ಬಡತನ ಉಳಿಸಿಕೊಟ್ಟ ಈ ಊರನ್ನು ಯುನೆಸ್ಕೊ 2000ದಲ್ಲಿ ಇಡಿಯಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗೆಂದು ಕಂಡದ್ದೆಲ್ಲ ಮಧ್ಯಯುಗದ್ದೆಂದು ನಂಬಬೇಡಿ. ಎಲ್ಲರೂ ನಿಂತು ಫೋಟೊ ತೆಗೆಸಿಕೊಳ್ಳುವ, ಪಾಚಿಗಟ್ಟಿದ ಬೋನಿಫಾಸಿಯಸ್ ಸೇತುವೆ ಇಪ್ಪತ್ತನೇ ಶತಮಾನದ ಆರಂಭದ್ದು. ಮುಖ್ಯ ಚೌಕದ ಪೂರ್ವಕ್ಕಿರುವ ಗಾಥಿಕ್ ಕಟ್ಟಡವೂ ಹಳೆಯ ವೇಷ ತೊಟ್ಟ ಹೊಸದೇ. ಇದರಿಂದ ಚಂದವೇನೂ ಕಡಿಮೆಯಾಗುವುದಿಲ್ಲ. ಗೊತ್ತಿದ್ದರೆ ನೋಡುವ ಕಣ್ಣು ಸ್ವಲ್ಪ ಚುರುಕಾಗುತ್ತದೆ.

ಹೊರಡುವ ಮುಂಚೆ

ಭಾರತದಿಂದ ಬರುವವರಿಗೆ ಷೆಂಗೆನ್ ವೀಸಾ ಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ. ಸೇವಾಕೇಂದ್ರದ ಶುಲ್ಕ ಅದರ ಮೇಲೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ತೀರಾ ತಡವೆಂದರೆ 15 ದಿನ ಮುಂಚೆ. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಎರಡು ಮೂರು ತಿಂಗಳ ಮುಂಚೆಯೇ ಕೈಹಾಕಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಪ್ಯಾರಿಸ್‌ನಲ್ಲಿ ಐದು ರಾತ್ರಿ, ಬ್ರೂಜ್‌ನಲ್ಲಿ ಎರಡು ಎಂದಾದರೆ ಅರ್ಜಿ ಫ್ರಾನ್ಸ್‌ಗೆ. ಗಂಡಹೆಂಡಿರ ಹಾಗೆ ಸ್ನೇಹಿತರು ಒಂದೇ ಕುಟುಂಬವೆಂದು ಅರ್ಜಿ ಕೊಡಲಾಗುವುದಿಲ್ಲ. ಇಬ್ಬರದೂ ಬೇರೆ ಬೇರೆ ಕಡತ, ಬೇರೆ ಬೇರೆ ಬ್ಯಾಂಕ್ ಸ್ಟೇಟ್‌ಮೆಂಟ್. ಹೋಟೆಲ್ ಬುಕಿಂಗ್‌ನಲ್ಲಿ ಇಬ್ಬರ ಹೆಸರೂ ಇರಲಿ, ದಿನಾಂಕಗಳು ತಾಳೆಯಾಗಲಿ.

ಸ್ನೇಹಿತರಲ್ಲಿ ಒಬ್ಬರು ಈಗಾಗಲೇ ಐಂಡ್‌ಹೋವನ್‌ನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಕೆಲಸಕ್ಕಿದ್ದರೆ ಕೆಲಸ ಹಗುರ. ಷೆಂಗೆನ್ ದೇಶದ ನಿವಾಸ ಪರವಾನಗಿ ಇದ್ದವರಿಗೆ ಬೆಲ್ಜಿಯಂಗೆ ಬರಲು ಬೇರೆ ವೀಸಾ ಬೇಡ. ಆದರೆ ಪಾಸ್‌ಪೋರ್ಟ್, ಪರವಾನಗಿ ಕಾರ್ಡ್ ಎರಡೂ ಮೂಲಪ್ರತಿಗಳೇ ಜೇಬಿನಲ್ಲಿರಬೇಕು. ಗಡಿಯಲ್ಲಿ ರೈಲು ನಿಲ್ಲುವುದಿಲ್ಲವಾದರೂ ಪೊಲೀಸರು ಹತ್ತಿ ತಪಾಸಣೆ ಮಾಡುವುದುಂಟು.

ಬ್ರಸೆಲ್ಸ್‌ನಿಂದ ಬ್ರೂಜ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ವಿಮಾನನಿಲ್ದಾಣದಿಂದ ಹೊರಟರೆ ಇನ್ನರ್ಧ ಗಂಟೆ ಹಿಡಿಯಿರಿ. ಒಳನಾಡಿನ ರೈಲುಗಳಿಗೆ ಆಸನ ಕಾಯ್ದಿರಿಸುವ ಪದ್ಧತಿಯೇ ಇಲ್ಲ. ಆಪ್‌ನಲ್ಲಿ ಟಿಕೆಟ್ ತೆಗೆದು ಆ ದಿನದ ಯಾವ ರೈಲನ್ನಾದರೂ ಹತ್ತಬಹುದು. ಫಲಕಗಳ ಭಾಷೆ ಮಾತ್ರ ಪ್ರದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಫ್ಲಾಂಡರ್ಸ್ ಸೀಮೆಯಲ್ಲಿ ಎಲ್ಲವೂ ಡಚ್ಚಿನಲ್ಲಿ, ಬ್ರೂಜ್ ಅಲ್ಲಿ 'ಬ್ರುಗ್ಗೆ' ಎಂದೇ ಬರೆದಿರುತ್ತದೆ. ಅಲ್ಲಿ ಹೋಗಿ ಹರಕು ಮುರುಕು ಫ್ರೆಂಚ್ ಮಾತಾಡಿ ಯಾರನ್ನೂ ಮೆಚ್ಚಿಸಲು ಹೋಗಬೇಡಿ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ, ಫ್ರೆಂಚ್ ಕೇಳಿದರೆ ಕೆಲವರ ಹುಬ್ಬು ಗಂಟಾಗುತ್ತದೆ. ಭಾಷೆಯ ವಿಷಯದಲ್ಲಿ ಗಡಿನಾಡಿನವರ ಮನಸ್ಸು ಹೇಗಿರುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ.

ನಿಲ್ದಾಣದಿಂದ ಊರಿನ ನಡುವಿಗೆ ಇಪ್ಪತ್ತು ನಿಮಿಷದ ನಡಿಗೆ. ಚಕ್ರದ ಪೆಟ್ಟಿಗೆಯನ್ನು ಕಲ್ಲುಹಾಸಿನ ಮೇಲೆ ಎಳೆದರೆ ಅದರ ಸದ್ದಿಗೆ ನಿಮಗೇ ನಾಚಿಕೆಯಾಗುತ್ತದೆ. ಬೆನ್ನಿನ ಚೀಲ ಒಳ್ಳೆಯದು, ಇಲ್ಲದಿದ್ದರೆ ಬಸ್ಸು ಹಿಡಿಯಿರಿ. ವಸತಿಯನ್ನು ಹಳೆಯ ಊರನ್ನು ಸುತ್ತುವರಿದ ಕಾಲುವೆಯ ಒಳಗೇ ಹುಡುಕಿ. ಹೊರಗೆ ಅಗ್ಗವಾಗುತ್ತದೆ, ನಿಜ. ಆದರೆ ರಾತ್ರಿ ಹತ್ತಕ್ಕೆ ನಡೆದೇ ಕೋಣೆ ಸೇರುವ ಅನುಕೂಲ ಕಳೆದುಕೊಂಡರೆ ಇಲ್ಲಿ ತಂಗುವುದರ ಅರ್ಥವೇ ಹೋಯಿತು. ಚೌಕದ ಮೇಲೆಯೇ ಇರುವ ಹೋಟೆಲಿಗಿಂತ ಸಿಂಟ್ ಆನಾ ಕೇರಿಯ ಕಡೆಯದು ನನಗಿಷ್ಟ, ಅಲ್ಲಿ ಇನ್ನೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಬುಕ್ ಮಾಡುವಾಗ 'ಡಬಲ್' ಅಲ್ಲ, 'ಟ್ವಿನ್' ಕೋಣೆ ಎಂದು ಕೇಳಿ. ಡಬಲ್ ಎಂದರೆ ಇಬ್ಬರಿಗೂ ಒಂದೇ ಮಂಚ, ಹಲವೆಡೆ ಒಂದೇ ಹೊದಿಕೆ! ಮಹಡಿ ಹತ್ತಲಾಗದವರಿದ್ದರೆ ಲಿಫ್ಟ್ ಇದೆಯೇ ಎಂದೂ ಕೇಳಿಕೊಳ್ಳಿ. ಹಳೆಯ ಮನೆಗಳಲ್ಲಿ ಅದು ಇರದಿರುವುದೇ ಹೆಚ್ಚು.

ದಿನವನ್ನು ತಿರುಗಿಸಿ ಹಾಕಿ

ಬ್ರೂಜ್‌ನಲ್ಲಿ ಸುಖವಾಗಿರುವ ಉಪಾಯ ಇಷ್ಟೆ: ಜನ ಇಲ್ಲದಾಗ ಬೀದಿಯಲ್ಲಿರಿ, ಜನ ಇರುವಾಗ ಒಳಗೆ ಸೇರಿಕೊಳ್ಳಿ ಅಥವಾ ಊರು ಬಿಟ್ಟು ಹೋಗಿ.

ಬೆಳಿಗ್ಗೆ ಏಳೂವರೆಗೆ ಹೊರಟರೆ ರೋಜನ್‌ಹೂಡ್‌ಕಾಯ್ ಎಂಬ ಕಾಲುವೆಯ ತಿರುವಿನಲ್ಲಿ ನೀವಿಬ್ಬರೇ ಇರಬಹುದು. ಕ್ಯಾಲೆಂಡರ್‌ಗಳಲ್ಲಿ ಬರುವ ಬ್ರೂಜ್‌ನ ಚಿತ್ರಗಳಲ್ಲಿ ಬಹುಪಾಲು ಇಲ್ಲಿ ನಿಂತು ತೆಗೆದವು. ಹನ್ನೊಂದಕ್ಕೆ ಬಂದರೆ ಅದೇ ಜಾಗದಲ್ಲಿ ಸರದಿ ನಿಲ್ಲಬೇಕು. ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಬೆಗೈನ್‌ಹಾಫ್ ಸಿಗುತ್ತದೆ. ಮದುವೆಯಾಗದೆ, ಪೂರ್ತಿ ಸನ್ಯಾಸಿನಿಯರೂ ಆಗದೆ, ತಮ್ಮ ದುಡಿಮೆಯಲ್ಲಿ ಬದುಕುತ್ತಿದ್ದ ಹೆಂಗಸರಿಗಾಗಿ 1245ರಲ್ಲಿ ಆರಂಭವಾದ ಆವರಣ ಇದು. ಗಂಡಸಿನ ಹಂಗಿಲ್ಲದೆ ಹೆಂಗಸರು ಕೂಡಿ ಬದುಕಲು ಹದಿಮೂರನೇ ಶತಮಾನದಲ್ಲೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು ಎನ್ನುವುದು ಇಬ್ಬರು ಗೆಳತಿಯರು ಹೋದಾಗ ತುಂಬ ಹೊತ್ತು ಮಾತಿಗೆ ವಸ್ತುವಾಗುತ್ತದೆ. ಆದರೆ ಮಾತನ್ನು ಆವರಣದ ಹೊರಗೆ ಬಂದು ಆಡಬೇಕು. ಒಳಗೆ ಈಗ ಬೆನೆಡಿಕ್ಟೈನ್ ಸನ್ಯಾಸಿನಿಯರಿದ್ದಾರೆ, ಮೌನ ಪಾಲಿಸಿ ಎಂಬ ಫಲಕವಿದೆ. ಬಿಳಿಮನೆಗಳ ನಡುವಿನ ಹುಲ್ಲಿನಲ್ಲಿ ವಸಂತದಲ್ಲಿ ಡ್ಯಾಫೊಡಿಲ್ ಅರಳುತ್ತದೆ. ಸಂಜೆ ಬಾಗಿಲು ಮುಚ್ಚುತ್ತಾರೆ, ಆದ್ದರಿಂದ ಇದು ಬೆಳಗಿನ ಕೆಲಸ.

ಗಂಟೆಗೋಪುರವನ್ನು ಹತ್ತುವುದಾದರೆ ದಿನದ ಮೊದಲ ಸರದಿಗೆ ಆನ್‌ಲೈನ್‌ನಲ್ಲಿ ಸಮಯ ಗೊತ್ತುಮಾಡಿಕೊಳ್ಳಿ. 83 ಮೀಟರ್ ಎತ್ತರ, 366 ಮೆಟ್ಟಿಲು, ಲಿಫ್ಟ್ ಇಲ್ಲ. ಮೇಲೇರುತ್ತ ಸುರುಳಿ ಕಿರಿದಾಗುತ್ತದೆ. ಹತ್ತುವವರಿಗೂ ಇಳಿಯುವವರಿಗೂ ಅದೊಂದೇ ದಾರಿ. ಮೇಲೆ 47 ಗಂಟೆಗಳಿವೆ, ಅವುಗಳನ್ನು ನುಡಿಸಲೆಂದೇ ನಗರದ ಸಂಬಳದ ವಾದಕರಿದ್ದಾರೆ. ಮಂಡಿನೋವಿನವರು ಇದನ್ನು ಧಾರಾಳವಾಗಿ ಬಿಡಬಹುದು. "ನೀನು ಹೋಗಿ ಬಾರೇ, ನಾನಿಲ್ಲೇ ಕಾಫಿ ಕುಡೀತಾ ಕೂತಿರ್ತೀನಿ" ಎನ್ನಲು ಸಂಕೋಚವಿಲ್ಲದ ಗೆಳತಿ ಸಿಕ್ಕರೆ ಪ್ರವಾಸ ಅರ್ಧ ಗೆದ್ದ ಹಾಗೆ. ಗಂಟೆವಾದನ ಕೆಳಗಿನ ಅಂಗಳದಲ್ಲಿ ಕೂತವರಿಗೇ ಚೆನ್ನಾಗಿ ಕೇಳುತ್ತದೆ.

ಹನ್ನೊಂದರಿಂದ ನಾಲ್ಕರವರೆಗೆ ಮ್ಯೂಸಿಯಂ. ಒಂದನ್ನೇ ನೋಡುವುದಾದರೆ ಗ್ರೂನಿಂಗೆ ಮ್ಯೂಸಿಯಂ ನೋಡಿ. ಯಾನ್ ವಾನ್ ಐಕ್ 1436ರಲ್ಲಿ ಮುಗಿಸಿದ, ಪಾದ್ರಿ ವಾನ್ ಡೆರ್ ಪಾಲೆಯ ಚಿತ್ರದ ಮುಂದೆ ಅವಸರವಿಲ್ಲದೆ ನಿಲ್ಲಿ. ಮುದುಕನ ಕೆನ್ನೆಯ ಉಬ್ಬಿದ ನರ, ಕೈಯ ಕನ್ನಡಕ, ನೆಲಹಾಸಿನ ನೂಲು, ಪಕ್ಕದ ಯೋಧನ ಕವಚದಲ್ಲಿ ಮೂಡಿದ ಪ್ರತಿಬಿಂಬ: ತೈಲವರ್ಣದಲ್ಲಿ ಇಷ್ಟೆಲ್ಲ ಸಾಧ್ಯ ಎಂದು ಯುರೋಪಿಗೆ ತೋರಿಸಿಕೊಟ್ಟವರು ಈ ಸೀಮೆಯವರು. ಅದೇ ಮ್ಯೂಸಿಯಂನಲ್ಲಿ ಗೆರಾರ್ಡ್ ಡೇವಿಡ್ 1498ರಲ್ಲಿ ಮುಗಿಸಿದ ಜೋಡಿಚಿತ್ರವಿದೆ. ಲಂಚ ತಿಂದ ನ್ಯಾಯಾಧೀಶನನ್ನು ಪರ್ಷಿಯಾದ ದೊರೆ ಹಿಡಿಸುವುದು ಒಂದರಲ್ಲಿ, ಜೀವಂತ ಚರ್ಮ ಸುಲಿಸುವುದು ಇನ್ನೊಂದರಲ್ಲಿ. ಸುಲಿದ ಚರ್ಮವನ್ನು ಪೀಠಕ್ಕೆ ಹೊದಿಸಿ, ಅದರ ಮೇಲೆ ಅವನ ಮಗನನ್ನೇ ಮುಂದಿನ ನ್ಯಾಯಾಧೀಶನಾಗಿ ಕೂರಿಸಿರುವುದು ಹಿನ್ನೆಲೆಯಲ್ಲಿ ಕಾಣುತ್ತದೆ. ನ್ಯಾಯ ಹೇಳುವ ನಗರಪ್ರಮುಖರ ಕಣ್ಣೆದುರಿಗೇ ಇರಲೆಂದು ಪುರಭವನಕ್ಕಾಗಿ ಬರೆಸಿದ ಚಿತ್ರ. ನಮ್ಮ ಯಾವ ಯಾವ ಕಚೇರಿಗಳಲ್ಲಿ ಇದರ ಪ್ರತಿ ತೂಗುಹಾಕಬಹುದೆಂದು ಪಟ್ಟಿ ಮಾಡುವ ಆಟಕ್ಕೆ ಇಬ್ಬರು ಸಾಕು.

ಎರಡನೆಯದಕ್ಕೆ ಸಮಯವಿದ್ದರೆ ಸೇಂಟ್ ಜಾನ್ ಆಸ್ಪತ್ರೆ. ಹನ್ನೆರಡನೇ ಶತಮಾನದಲ್ಲಿ ಆರಂಭವಾದದ್ದು; ರೋಗಿಗಳು ಮಲಗುತ್ತಿದ್ದ ಹಜಾರದಲ್ಲೇ ಈಗ ಹಾನ್ಸ್ ಮೆಮ್ಲಿಂಗ್‌ನ ಚಿತ್ರಗಳಿವೆ. ಎದುರಿನ ಅವರ್ ಲೇಡಿ ಚರ್ಚ್‌ನಲ್ಲಿ ಮೈಕೆಲ್ಯಾಂಜೆಲೊ ಕಡೆದ ತಾಯಿಮಗುವಿನ ಅಮೃತಶಿಲೆಯ ಶಿಲ್ಪ. ಬ್ರೂಜ್‌ನ ಬಟ್ಟೆ ವ್ಯಾಪಾರಿಗಳು ಅದನ್ನು ಕೊಂಡು ತಂದರು. 1794ರಲ್ಲಿ ಫ್ರೆಂಚರು ಹೊತ್ತೊಯ್ದರು, ಮರಳಿ ಬಂತು. 1944ರಲ್ಲಿ ಜರ್ಮನ್ನರು ಹಾಸಿಗೆಗಳಲ್ಲಿ ಸುತ್ತಿ ರೆಡ್‌ಕ್ರಾಸ್ ಲಾರಿಯಲ್ಲಿ ಸಾಗಿಸಿದರು. ಆಸ್ಟ್ರಿಯಾದ ಉಪ್ಪಿನ ಗಣಿಯೊಂದರಲ್ಲಿ ಸಿಕ್ಕಿ ಮತ್ತೆ ಬಂತು. ಈಗ ಅದನ್ನು ದೂರದಿಂದಲೇ ನೋಡಬೇಕು. ಚರ್ಚ್‌ನೊಳಗೆ ಹೋಗುವುದು ಉಚಿತ, ಶಿಲ್ಪವಿರುವ ಭಾಗಕ್ಕೆ ಟಿಕೆಟ್. ಮ್ಯೂಸಿಯಂಗಳಿಗೆ ವಾರಕ್ಕೊಂದು ರಜೆಯಿದೆ, ಎಲ್ಲಕ್ಕೂ ಒಂದೇ ದಿನವಲ್ಲ. ಹೊರಡುವ ಮುಂಚೆ ನೋಡಿಕೊಳ್ಳಿ.

ಎರಡನೇ ದಿನದ ನಡುಹಗಲಿಗೆ ಸೈಕಲ್. ಊರಿನ ಈಶಾನ್ಯಕ್ಕೆ ಸುಮಾರು ಏಳು ಕಿಲೊಮೀಟರ್ ದೂರದ ಡಾಮೆ ಎಂಬ ಹಳ್ಳಿಯವರೆಗೆ, ಸಾಲು ಪಾಪ್ಲರ್ ಮರಗಳ ನಡುವಿನ ನೇರ ಕಾಲುವೆಯ ದಂಡೆಯಲ್ಲಿ ದಾರಿ. ಏರಿಲ್ಲ, ಇಳಿಜಾರಿಲ್ಲ, ಎಷ್ಟೋ ವರ್ಷದಿಂದ ಸೈಕಲ್ ಮುಟ್ಟದವರೂ ಹೋಗಬಹುದು. ನೆಪೋಲಿಯನ್‌ನ ಆಜ್ಞೆಯ ಮೇಲೆ ತೋಡಿದ ಕಾಲುವೆ ಅದು. ಗಾಳಿ ಸಾಮಾನ್ಯವಾಗಿ ನೈಋತ್ಯದಿಂದ ಬೀಸುತ್ತದೆ. ಹೋಗುವಾಗ ಬೆನ್ನು ನೂಕಿದ ಗಾಳಿಯೇ ಬರುವಾಗ ಎದೆಗೆ ನಿಲ್ಲುವುದರಿಂದ, ಹೋಗುವಾಗಿನ ಉತ್ಸಾಹಕ್ಕೆ ಮರುಳಾಗಿ ಮುಂದಿನ ಹಳ್ಳಿಗೂ ಹೋಗಿಬಿಡೋಣ ಅನ್ನುವವರನ್ನು ಇನ್ನೊಬ್ಬರು ತಡೆಯಬೇಕು. ಹೋಗುವ ದಾರಿಯಲ್ಲೇ, ಊರಂಚಿನ ದಿಬ್ಬದ ಮೇಲೆ ಗಾಳಿಗಿರಣಿಗಳಿವೆ. ಅವುಗಳಲ್ಲಿ ಒಂದು 1770ರದು, ಕಟ್ಟಿದ ಜಾಗದಲ್ಲೇ ಇನ್ನೂ ನಿಂತಿದೆ. ಊರಿನೊಳಗೆ ಮಾತ್ರ ಸೈಕಲ್ ಹಾದಿಯಲ್ಲಿ ಮಾತಾಡುತ್ತ ನಿಲ್ಲಬೇಡಿ. ಬೆಲ್ ಎರಡನೇ ಸಲ ಬಾರಿಸುವಷ್ಟು ತಾಳ್ಮೆ ಅಲ್ಲಿನವರಿಗಿಲ್ಲ.

ದೋಣಿ ವಿಹಾರ ಅರ್ಧ ಗಂಟೆಯದು, ತಲೆಗೆ 15 ಯೂರೋ ಆಸುಪಾಸು. ಚಳಿಗಾಲದಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ದಿನದ ಮೊದಲ ದೋಣಿಗೆ ಹೋಗಿ, ಇಲ್ಲವೇ ಬಿಡಿ. ನಡುಹಗಲಲ್ಲಿ ಮುಕ್ಕಾಲು ಗಂಟೆ ಸರದಿ ನಿಲ್ಲುವಂಥದ್ದಲ್ಲ.

ಸಂಜೆಗೆ ಕಾರ್ಯಕ್ರಮ ಹಾಕಿಕೊಳ್ಳಬೇಡಿ. ಯಾನ್ ವಾನ್ ಐಕ್ ಚೌಕದಿಂದ ಲಾಂಗೆರೈ ಕಾಲುವೆಯ ಗುಂಟ ಉತ್ತರಕ್ಕೆ ನಡೆಯಿರಿ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಐದಕ್ಕೆ ಮುಂಚೆಯೇ ಕತ್ತಲು. ಆದರೆ ಆಗ ದೀಪಗಳು ನೀರಿನಲ್ಲಿ ಬೇಗ ಮೂಡುತ್ತವೆ. ಮಳೆ ಎರಡು ಕಾಲದಲ್ಲೂ ಉಂಟು. ಸಮುದ್ರ ಹತ್ತಿರವಿರುವುದರಿಂದ ಛತ್ರಿ ಗಾಳಿಗೆ ತಿರುಚಿಕೊಳ್ಳುತ್ತದೆ. ಟೊಪ್ಪಿಯ ರೇನ್‌ಕೋಟ್ ತನ್ನಿ.

ಊಟದ ಪ್ರಶ್ನೆ

ಇಬ್ಬರಲ್ಲಿ ಒಬ್ಬರು ಸಸ್ಯಾಹಾರಿ, ಇನ್ನೊಬ್ಬರು ಅಲ್ಲ ಎಂಬುದು ನಮ್ಮಲ್ಲಿ ಸಾಮಾನ್ಯ. ಮಾಂಸಾಹಾರಿಗಳಿಗೆ ಬ್ರೂಜ್‌ನಲ್ಲಿ ಚಿಂತೆಯಿಲ್ಲ: ಬಿಯರ್‌ನಲ್ಲಿ ಬೇಯಿಸಿದ ದನದ ಮಾಂಸದ ಸಾರು, ವಾಟರ್‌ಜೋಯಿ ಎಂಬ ಕೋಳಿ ಸಾರು, ಕಪ್ಪೆಚಿಪ್ಪು, ಸಿಗಡಿಯ ಕ್ರೋಕೆಟ್. ಸಸ್ಯಾಹಾರಿಗಳು ಎಚ್ಚರವಾಗಿರಬೇಕಾದದ್ದು ತೀರಾ ಅನಿರೀಕ್ಷಿತವಾದ ಕಡೆ. ಬೆಲ್ಜಿಯಂನ ಪ್ರಸಿದ್ಧ ಆಲೂಗಡ್ಡೆ ಫ್ರೈಗಳನ್ನು ಸಂಪ್ರದಾಯದಂತೆ ಎರಡು ಸಲ ಕರಿಯುತ್ತಾರೆ, ಅದೂ ಎಷ್ಟೋ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ. ಫಲಕದಲ್ಲಿ ಬರೆದಿರುವುದಿಲ್ಲ. ಸಸ್ಯಜನ್ಯ ಎಣ್ಣೆಯೇ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ; ಎಣ್ಣೆಯಲ್ಲೇ ಕರಿಯುವ ಅಂಗಡಿಗಳೂ ಇವೆ. ಜೊತೆಗೆ ಕೊಡುವ ಮೇಯನೇಸ್‌ನಲ್ಲಿ ಮೊಟ್ಟೆ, ವಾಫಲ್‌ನಲ್ಲೂ ಮೊಟ್ಟೆ, ತರಕಾರಿ ಸೂಪ್‌ನ ತಳದಲ್ಲಿ ಮಾಂಸದ ಸಾರು ಇರಬಹುದು, ಕೆಲವು ಚಾಕೊಲೇಟ್‌ಗಳ ಒಳಗೆ ಮದ್ಯ. ಕೇಳಿ ತಿನ್ನುವುದನ್ನು ಅಭ್ಯಾಸ ಮಾಡಿಕೊಂಡರೆ ಮುಜುಗರವಿಲ್ಲ.

ಊಟದ ಸಮಯವನ್ನೂ ನೋಡಿಕೊಳ್ಳಿ. ಎರಡೂವರೆಯಿಂದ ಆರರವರೆಗೆ ಅನೇಕ ಹೋಟೆಲುಗಳ ಅಡುಗೆಮನೆ ಮುಚ್ಚಿರುತ್ತದೆ, ರಾತ್ರಿ ಒಂಬತ್ತೂವರೆಯ ಮೇಲೆ ಬೆಂಗಳೂರಿನ ಹಾಗೆ ಏನೂ ಹುಟ್ಟುವುದಿಲ್ಲ. ಕೂತಕೂಡಲೇ ನೀರು ತಂದಿಡುವ ಪದ್ಧತಿಯಿಲ್ಲ. ಕೇಳಿದರೆ ಬಾಟಲಿ ಬರುತ್ತದೆ, ಬಿಲ್ಲಿನಲ್ಲಿ ಅದರ ಬೆಲೆ ಕಾಫಿಯಷ್ಟಿರುತ್ತದೆ. ನಲ್ಲಿ ನೀರು ಕುಡಿಯಲು ಚೆನ್ನಾಗಿದೆ, ಕೋಣೆಯಲ್ಲೇ ಬಾಟಲಿ ತುಂಬಿಕೊಂಡು ಹೊರಡಿ. ಟಿಪ್ಸ್ ಕೊಡಲೇಬೇಕೆಂದಿಲ್ಲ. ಚಟ್ನಿಪುಡಿ, ಹುರಿದ ಅವಲಕ್ಕಿ ಒಯ್ಯಲು ಅಡ್ಡಿಯಿಲ್ಲ. ಆದರೆ ಹಾಲು, ತುಪ್ಪ, ಚೀಸ್, ಮಾಂಸದ ಪದಾರ್ಥಗಳನ್ನು ಭಾರತದಿಂದ ಯುರೋಪಿಯನ್ ಒಕ್ಕೂಟದೊಳಗೆ ಕೊಂಡೊಯ್ಯುವಂತಿಲ್ಲ. ಐಂಡ್‌ಹೋವನ್‌ನ ಗೆಳತಿ ಎಷ್ಟೇ ಬೇಡಿಕೊಂಡರೂ ಹಸಿ ಕರಿಬೇವು, ಮಾವಿನಹಣ್ಣು ಕೂಡ ಬೇಡ.

ಬಿಯರ್ ಕುಡಿಯುವವರಿಗೆ ಒಂದು ಮಾತು. ಇಲ್ಲಿನ 'ಟ್ರಿಪಲ್'ಗಳು ಶೇಕಡಾ ಎಂಟು ಒಂಬತ್ತರಷ್ಟು ಗಟ್ಟಿ. ನಮ್ಮಲ್ಲಿಯ ಲೆಕ್ಕದಲ್ಲಿ ಗ್ಲಾಸು ಎಣಿಸಬೇಡಿ. ಡೆ ಹಾಲ್ವೆ ಮಾನ್ ಎಂಬ ಬ್ರೂವರಿ ಊರೊಳಗೇ ಬಿಯರ್ ತಯಾರಿಸಿ, ಊರಾಚೆಯ ಬಾಟ್ಲಿಂಗ್ ಘಟಕಕ್ಕೆ ನೆಲದಡಿಯ ಮೂರು ಕಿಲೊಮೀಟರ್‌ಗೂ ಉದ್ದದ ಪೈಪಿನಲ್ಲಿ ಹರಿಸುತ್ತದೆ. ಹಳೆಯ ಓಣಿಗಳಲ್ಲಿ ಟ್ಯಾಂಕರ್ ಓಡಾಡದಿರಲೆಂದು 2016ರಲ್ಲಿ ಆದ ಏರ್ಪಾಡು. ಕುಡಿಯದವರೂ ಬ್ರೂವರಿಯ ಒಳಸುತ್ತಿಗೆ ಹೋಗಬಹುದು, ಚಾವಣಿಯಿಂದ ಊರು ಚೆನ್ನಾಗಿ ಕಾಣುತ್ತದೆ.

ಮೂರನೇ ದಿನ ಸಿಕ್ಕರೆ ಇಪ್ಪತ್ತೈದು ನಿಮಿಷದ ರೈಲು ಹತ್ತಿ ಗೆಂಟ್‌ಗೆ ಹೋಗಿ. ಸಸ್ಯಾಹಾರಿಗಳು ಅಲ್ಲಿ ಉಸಿರಾಡಬಹುದು. 2009ರಿಂದ ಆ ನಗರ ಗುರುವಾರವನ್ನು ಸಸ್ಯಾಹಾರದ ದಿನವೆಂದು ಪ್ರಚಾರ ಮಾಡುತ್ತಿದೆ, ಉಳಿದ ದಿನಗಳಲ್ಲೂ ಆಯ್ಕೆ ಹೆಚ್ಚು. ಸೇಂಟ್ ಬಾವೊ ಚರ್ಚ್‌ನಲ್ಲಿ ವಾನ್ ಐಕ್ ಸೋದರರ 1432ರ ಬೃಹತ್ ಚಿತ್ರಫಲಕಗಳಿವೆ. ಅವುಗಳಲ್ಲಿ ಒಂದು 1934ರಲ್ಲಿ ಕಳುವಾದದ್ದು ಇನ್ನೂ ಸಿಕ್ಕಿಲ್ಲ, ಆ ಜಾಗದಲ್ಲಿರುವುದು ನಕಲು. ಬ್ರೂಜ್‌ನಿಂದ ಬ್ರಸೆಲ್ಸ್‌ಗೆ ಮರಳುವ ದಾರಿಯಲ್ಲೇ ಗೆಂಟ್ ಇದೆ. ನಿಲ್ದಾಣದ ಲಾಕರ್‌ನಲ್ಲಿ ಚೀಲವಿಟ್ಟು ಟ್ರಾಮ್ ಹಿಡಿದರೆ ಬೇರೆ ವಸತಿ ಬೇಕಿಲ್ಲ.

ದುಡ್ಡು, ಸ್ನೇಹ, ಸಾಮಾನು

ಎರಡು ದಿನದ ಖರ್ಚಿಗೆ ಮೊದಲೇ ಇಬ್ಬರೂ ಒಂದಿಷ್ಟು ಹಾಕಿ, ಊಟ, ಬಸ್ಸು, ಟಿಕೆಟ್ ಎಲ್ಲ ಅದರಿಂದಲೇ ಕೊಡುವುದು ಸುಲಭ. "ಇರಲಿ ಬಿಡೇ, ನಾನು ಕೊಡ್ತೀನಿ" ಎಂಬ ಉದಾರತೆ ಯೂರೋದಲ್ಲಿ ಬಹಳ ದಿನ ಬಾಳುವುದಿಲ್ಲ. ಒಬ್ಬರಿಗೆ ಯೂರೋದಲ್ಲಿ ಸಂಬಳ, ಇನ್ನೊಬ್ಬರಿಗೆ ರೂಪಾಯಿಯಲ್ಲಿ ಎಂದಾದರೆ ಹೋಟೆಲ್ ಯಾವ ದರ್ಜೆಯದು, ರಾತ್ರಿಯೂಟ ಎಂಥ ಕಡೆ ಎಂಬುದನ್ನು ಹೊರಡುವ ಮುಂಚೆಯೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಕಾರ್ಡ್ ಬಹುತೇಕ ಎಲ್ಲೆಡೆ ನಡೆಯುತ್ತದೆ. ಸಾರ್ವಜನಿಕ ಶೌಚಾಲಯಕ್ಕೆ ಮಾತ್ರ ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ. ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಾ ಎಂದು ಯಂತ್ರ ಕೇಳಿದರೆ ಯೂರೋ ಒತ್ತಿ, ರೂಪಾಯಿಗೆ ಅದು ಹಾಕುವ ದರ ದುಬಾರಿ. ಎರಡು ದಿನದಲ್ಲಿ ಒಂದು ಮಧ್ಯಾಹ್ನವಾದರೂ ಇಬ್ಬರೂ ಬೇರೆ ಬೇರೆ ಓಡಾಡಿ. ಇಷ್ಟು ಪುಟ್ಟ ಊರಿನಲ್ಲಿ ಕಳೆದುಹೋಗಲು ಆಗುವುದಿಲ್ಲ, ರಾತ್ರಿ ಹೇಳಿಕೊಳ್ಳಲು ಇಬ್ಬರ ಬಳಿಯೂ ಏನಾದರೂ ಇರುತ್ತದೆ.

ಕೊಳ್ಳುವುದರಲ್ಲಿ ಲೇಸ್ ಬಗ್ಗೆ ಹುಷಾರು. ಅಂಗಡಿಗಳ ಅಗ್ಗದ ಲೇಸ್ ಬಹುಪಾಲು ಹೊರಗಿನಿಂದ ಬಂದ ಯಂತ್ರದ ಮಾಲು. ಸಿಂಟ್ ಆನಾ ಕೇರಿಯ ಲೇಸ್ ಕೇಂದ್ರದಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರು ಕೂತು ಹತ್ತಾರು ಮರದ ಕಡ್ಡಿಗಳನ್ನು ಆಚೀಚೆ ಹಾಯಿಸಿ ನೇಯುವುದನ್ನು ನೋಡಿದರೆ, ಅಸಲಿಗೆ ಅಷ್ಟು ಬೆಲೆ ಏಕೆಂದು ಕೇಳಬೇಕೆನಿಸುವುದಿಲ್ಲ. ಚಾಕೊಲೇಟನ್ನು ಕೊನೆಯ ದಿನ ಕೊಳ್ಳಿ. ತಾಜಾ ಕೆನೆ ತುಂಬಿದವು ಹೆಚ್ಚು ದಿನ ತಡೆಯುವುದಿಲ್ಲ, ಊರಿನವರಿಗೆ ಹಂಚಲು ಗಟ್ಟಿಯವೇ ಸರಿ. ಎಷ್ಟು ದಿನ ಇಡಬಹುದೆಂದು ಅಂಗಡಿಯಲ್ಲಿ ಕೇಳಿದರೆ ಹೇಳುತ್ತಾರೆ. ಅವನ್ನು ಕೈಚೀಲದಲ್ಲಿಡಿ. ಬ್ರೆಡ್ಡಿಗೆ ಹಚ್ಚುವ ಸ್ಪೆಕ್ಯುಲೂಸ್, ಚಾಕೊಲೇಟ್ ಜಾಡಿಗಳನ್ನು ಮಾತ್ರ ದೊಡ್ಡ ಪೆಟ್ಟಿಗೆಗೆ ಹಾಕಿ. ವಿಮಾನನಿಲ್ದಾಣದ ತಪಾಸಣೆಯಲ್ಲಿ ಅವಕ್ಕೂ ನೀರಿನ ಬಾಟಲಿಯ ನಿಯಮವೇ ಅನ್ವಯ.